ಪಟ ನೋಡಿ ಹೇಳುವ ಮಾತು

ಬೇಮಳಖೇಡದಂಥ ಹಳ್ಳಿಯಲ್ಲಿಯೂ ಕ್ಯಾಮರಾ ಈಗ ಅಪರೂಪದ ವಸ್ತುವಲ್ಲ. ಕಿಸೆಯಲ್ಲಿರುವ ಮೊಬೈಲು ಆ ಕೆಲಸವನ್ನೂ ಮಾಡುತ್ತದೆ. ಪಟ ತೆಗೆಯುವವರು ಹೆಚ್ಚಿದ್ದಾರೆ. ತೆಗೆದದ್ದನ್ನು ನೋಡಿ ಉಪಯೋಗಕ್ಕೆ ಬರುವ ಒಂದು ಮಾತು ಹೇಳುವವರು ಮಾತ್ರ ಅಷ್ಟಾಗಿ ಹೆಚ್ಚಿಲ್ಲ.

ನಿಮ್ಮ ನೆರೆಮನೆಯ ಹುಡುಗ ಹುಮನಾಬಾದಿನ ಸಮೀಪದ ಜಲಸಂಗಿಗೆ ಹೋಗಿಬಂದಿದ್ದಾನೆ ಎನ್ನಿ. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿ. “ಕಾಕಾ, ಫೋಟೋ ಹ್ಯಾಂಗ ಬಂದದ ನೋಡ್ರಿ” ಎಂದು ಹುಡುಗ ನಿಮ್ಮ ಮುಂದೆ ಹಿಡಿಯುತ್ತಾನೆ. ಫ್ಲ್ಯಾಷು ಹಾಕಿ ನೇರ ಎದುರಿನಿಂದ ತೆಗೆದ ಪಟ. ಬಾಲಿಕೆ ಇದ್ದಾಳೆ, ಗೋಡೆಯೂ ಇದೆ. ಅಕ್ಷರ ಮಾತ್ರ ಕಾಣದು.

“ಛಲೋ ಬಂದದ” ಎಂದರೆ ಹುಡುಗ ಹಿಗ್ಗಿ ಹೋದಾನು, ಮುಂದಿನ ಸಲವೂ ಹಾಗೆಯೇ ತೆಗೆದಾನು. “ನಿನಗ ಇದೆಲ್ಲಾ ಬರೂದಿಲ್ಲ” ಎಂದರೆ ತೆಗೆಯುವುದನ್ನೇ ಬಿಟ್ಟಾನು. ಈ ಎರಡನೆಯ ಮಾತನ್ನು ಕೇಳಿ ಕ್ಯಾಮರಾ ಕೆಳಗಿಟ್ಟವರು ಎಷ್ಟು ಮಂದಿಯೋ! ನಿಜಕ್ಕೂ ಈ ಎರಡರಲ್ಲಿ ಯಾವುದೂ ಪಟದ ವಿಷಯವಾದ ಮಾತಲ್ಲ.

ಮೊದಲು ಅವನನ್ನೇ ಕೇಳಿ: “ಇದರಾಗ ಏನ್ ತೋರಸಬೇಕಂತಿದ್ದಿ?” ಅಕ್ಷರಗಳನ್ನು ಎಂದರೆ, ಹೇಳಬೇಕಾದದ್ದು ತಾನಾಗಿಯೇ ಹೊಳೆಯುತ್ತದೆ. ಕಲ್ಲಿನಲ್ಲಿ ಕೊರೆದ ಗೆರೆ ಕಾಣುವುದು ಅದರೊಳಗೆ ಬಿದ್ದ ನೆರಳಿನಿಂದ. ಎದುರಿನ ಬೆಳಕು ಆ ನೆರಳನ್ನು ಅಳಿಸಿಬಿಡುತ್ತದೆ. ಫ್ಲ್ಯಾಷು ಬಿಟ್ಟು, ಬಿಸಿಲು ಗೋಡೆಯನ್ನು ಪಕ್ಕದಿಂದ ಸವರಿಕೊಂಡು ಹೋಗುವ ಹೊತ್ತನ್ನು ಕಾಯಬೇಕು. ನಂಬಿಕೆ ಬರದಿದ್ದರೆ ರಾತ್ರಿ ಮನೆಯಲ್ಲಿಯೇ ಒಂದು ನಾಣ್ಯವಿಟ್ಟು, ಬ್ಯಾಟರಿಯ ಬೆಳಕನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಬಿಟ್ಟು ನೋಡಲಿ. “ಅಕ್ಷರ ಅಲ್ರಿ ಕಾಕಾ, ಆಕಿ ನಿಂತಿದ್ದ ಭಂಗಿ” ಎಂದನೋ, ಆಗ ಮಾತು ಬೇರೆ: ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಗೋಡೆ ಹಿಂದಕ್ಕೆ ಬಾಗಿದಂತೆ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ಹಿಡಿಯಲಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಸಾಕು. ಹತ್ತು ದೋಷ ಎಣಿಸಿಕೊಟ್ಟರೆ ಹತ್ತನ್ನೂ ಮರೆಯುತ್ತಾನೆ.

ಈ ಹವ್ಯಾಸಕ್ಕೆ ನಮ್ಮ ನಾಡಿನಲ್ಲಿ ಸಂಘಗಳ ಬಲವೂ ಉಂಟು. ಭಾರತೀಯ ಛಾಯಾಚಿತ್ರ ಒಕ್ಕೂಟ 1953ರಲ್ಲಿ ಹುಟ್ಟಿತು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ. ಸ್ಪರ್ಧೆಯ ತೀರ್ಪುಗಾರರು ಅಂಕ ಕೊಡುತ್ತಾರೆ ನಿಜ. ಆದರೆ ಅಂಕದಿಂದ ಪಟ ಆಯ್ಕೆಯಾಯಿತೋ ಇಲ್ಲವೋ ತಿಳಿದೀತೇ ಹೊರತು, ಮುಂದಿನ ಸಲ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಅದಕ್ಕೆ ಪಕ್ಕದಲ್ಲಿ ಕುಳಿತು ನೋಡುವ ಹಿರಿಯರು ಬೇಕು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಟಿ. ಎನ್. ಎ. ಪೆರುಮಾಳ್ ಅವರಿಗೂ (1932–2017) ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನವಿತ್ತು.

ಇನ್ನೊಂದು ಬಗೆಯ ಪಟವುಂಟು; ಅಲ್ಲಿ ಎಚ್ಚರ ಹೆಚ್ಚು ಬೇಕು. ಕಟ್ಟೆಯ ಮೇಲೆ ಕುಳಿತ ಅಜ್ಜಿ; ಬೆನ್ನ ಹಿಂದೆ ಬಿಸಿಲಿನ ಅಂಗಳ; ಮುಖ ಕಪ್ಪಾಗಿದೆ. “ಬೆಳಕಿಗೆ ಎದುರಾಗಿ ತೆಗೆಯಬಾರದು” ಎಂಬ ಮಾತು ನಿಮ್ಮ ನಾಲಗೆಯ ತುದಿಗೆ ಬಂದಿರುತ್ತದೆ. ತಡೆಯಿರಿ. ಅಜ್ಜಿ ಈಗಿಲ್ಲದಿರಬಹುದು, ಮನೆಯಲ್ಲಿ ಉಳಿದದ್ದು ಅದೊಂದೇ ಪಟವಿರಬಹುದು. ಮತ್ತೆ ತೆಗೆಯಲಾಗದ ಪಟಕ್ಕೆ ಮುಂದಿನ ಸಲದ ಬುದ್ಧಿವಾದ ಏತಕ್ಕೆ? ಮೂಲವನ್ನು ಹಾಗೆಯೇ ಉಳಿಸಿ, ಇನ್ನೊಂದು ಪ್ರತಿಯಲ್ಲಿ ಮುಖದ ಭಾಗವನ್ನಷ್ಟು ತಿಳಿಯಾಗಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿಡಲು ಹೇಳಿ. ಮೊಬೈಲು ಕಳೆಯುವುದಕ್ಕೆ ಎಷ್ಟು ಹೊತ್ತು!