ವಾಡಿ-ಸೇಡಂ ಭಾಗದ ಹಿಂಗಾರಿ ಜೋಳ: ಹಂಗಾಮಿನ ಹವೆ ಮತ್ತು ಮಣ್ಣಿನ ಹಸಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಶಹಾಬಾದ ಮತ್ತು ಚಿಂಚೋಳಿ ತಾಲೂಕುಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 750 ಮಿ.ಮೀ. ಪೂರ್ವದ ಸೇಡಂ, ಚಿಂಚೋಳಿ ಕಡೆಗೆ ಇದು ತುಸು ಹೆಚ್ಚು. ಒಣ ಬೇಸಾಯದ ಸೀಮೆಗೆ ಇದು ಕಡಿಮೆ ಮಳೆಯೇನೂ ಅಲ್ಲ. ಆದರೂ ಸರಾಸರಿಯಷ್ಟು ಮಳೆ ಬಿದ್ದ ವರ್ಷವೇ ಕೆಲವೊಮ್ಮೆ ಜೋಳದ ತೆನೆ ಜೊಳ್ಳಾಗುತ್ತದೆ. ಮಳೆ ಕಡಿಮೆಯೆಂದು ಗೊಣಗಿದ ವರ್ಷ ಕಣ ತುಂಬುವುದೂ ಉಂಟು. ಮಳೆ ಯಾವಾಗ ಬಿತ್ತು, ಅದರಲ್ಲಿ ಎಷ್ಟು ನೀರು ಭೂಮಿಯೊಳಗೆ ಇಳಿದು ನಿಂತಿತು ಎಂಬುದೇ ಹಿಂಗಾರಿ ಜೋಳದ ಹಣೆಬರಹವನ್ನು ನಿರ್ಧರಿಸುತ್ತದೆ. ಜೋಳ ಕೈಕೊಟ್ಟರೆ ಮನೆಗೆ ರೊಟ್ಟಿಯೂ ಇಲ್ಲ, ದನಗಳಿಗೆ ಕಣಿಕೆಯೂ ಇಲ್ಲ. ಆದ್ದರಿಂದ ಬಿತ್ತುವ ಮೊದಲು ಈ ಲೆಕ್ಕವನ್ನು ಮಾಡಿಕೊಳ್ಳುವುದು ಅಗತ್ಯ.

ಹಂಗಾಮಿನ ಹವೆ

ಮೃಗಶಿರ, ಆರಿದ್ರ ಮಳೆಗಳು ಹೆಸರು, ಉದ್ದು, ತೊಗರಿಯ ಬಿತ್ತಿಗೆಗೆ ಒದಗುತ್ತವೆ. ಹಿಂಗಾರಿ ಜೋಳಕ್ಕೆ ಆಧಾರವಾಗುವವು ಹುಬ್ಬ, ಉತ್ತರಿ ಮತ್ತು ಹಸ್ತ ಮಳೆಗಳು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗಿನ ಈ ಅವಧಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ತೆಲಂಗಾಣವನ್ನು ದಾಟಿ ನಮ್ಮತ್ತ ಸರಿದು ಬರುತ್ತವೆ. ಹೀಗಾಗಿ ಸೆಪ್ಟೆಂಬರ್ ಸಾಮಾನ್ಯವಾಗಿ ಇಲ್ಲಿ ಹೆಚ್ಚು ಮಳೆಯ ತಿಂಗಳು. ಚಿತ್ತಿ ಮಳೆ ಕಳೆದ ಮೇಲೆ ಆಕಾಶವನ್ನು ನಂಬುವಂತಿಲ್ಲ. ನವೆಂಬರಿನಿಂದ ಕೊಯ್ಲಿನವರೆಗೆ ಜೋಳವು ಮಣ್ಣಿನಲ್ಲಿ ಕೂಡಿಟ್ಟ ನೀರನ್ನು ಕುಡಿದೇ ಬದುಕಬೇಕು.

ಈ ಹವೆ ಎರಡು ರೀತಿಯಲ್ಲಿ ಕೆಡಬಹುದು. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಎನಿಸಿತು. ಶಾಂತ ಸಾಗರದ ನೀರು ಬೆಚ್ಚಗಾಗುವ 'ಎಲ್ ನಿನೊ' ವರ್ಷ ಅದು. ಆ ಸಲ ರಾಜ್ಯದ ಬಹುಪಾಲು ತಾಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. 2020ರ ಅಕ್ಟೋಬರಿನಲ್ಲಿ ಇದಕ್ಕೆ ತದ್ವಿರುದ್ಧ. ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತವು ಕಲಬುರಗಿಯ ಮೇಲೆ ಹಾದುಹೋಗಿ, ಕಾಗಿಣಾ ಮತ್ತು ಭೀಮಾ ನದಿಗಳು ಉಕ್ಕಿ ಹರಿದವು. ನಿಂತ ನೀರಿನಲ್ಲಿ ತೊಗರಿ ಕೊಳೆಯಿತು. ಹೊಲ ಹದಕ್ಕೆ ಬರುವಷ್ಟರಲ್ಲಿ ಜೋಳದ ಬಿತ್ತಿಗೆಯ ಕಾಲ ಮೀರಿತ್ತು. ಒಂದು ವರ್ಷ ನೀರು ಕೂಡಲಿಲ್ಲ, ಇನ್ನೊಂದು ವರ್ಷ ಕೂಡಿದ ನೀರು ಸಮಯಕ್ಕೆ ಒದಗಲಿಲ್ಲ.

ಒಂದೇ ಮಳೆ, ಬೇರೆ ಬೇರೆ ಭೂಮಿ

ವಾಡಿ, ಶಹಾಬಾದ ಸುತ್ತಿನ ಭೂಮಿಯ ಕೆಳಗೆ ಸುಣ್ಣಕಲ್ಲಿನ ಹಾಸು ಇದೆ. ಶಹಾಬಾದಿ ಫರಸಿಯೂ ವಾಡಿಯ ಸಿಮೆಂಟೂ ಇದರಿಂದಲೇ ಬಂದವು. ಕಲ್ಲು ಮೇಲಿದ್ದಲ್ಲಿ ಮಣ್ಣು ಒಂದು, ಒಂದೂವರೆ ಅಡಿ ಮಾತ್ರ. ಕಾಗಿಣಾ, ಭೀಮಾ ದಂಡೆಗಳ ಕಡೆಗೆ ನಾಲ್ಕೈದು ಅಡಿ ಆಳದ ಎರೆ ಭೂಮಿ ಸಿಗುತ್ತದೆ. ಚಿಂಚೋಳಿಯ ಎತ್ತರದ ಜಾಗಗಳಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣಿದೆ. ಅದು ನೀರನ್ನು ಬಹಳ ದಿನ ಹಿಡಿಯಲಾರದು.

ಚೆನ್ನಾಗಿ ನೆನೆದ ಒಂದು ಅಡಿ ಎರೆ ಮಣ್ಣು ಬೆಳೆಗೆ ಒದಗುವಂಥ ಸುಮಾರು 45 ಮಿ.ಮೀ. ನೀರನ್ನು ಹಿಡಿದಿಡುತ್ತದೆ. ಐದು ಅಡಿ ಆಳದ ಭೂಮಿಯಲ್ಲಿ 200 ಮಿ.ಮೀ. ದಾಟಿ ನೀರು ನಿಲ್ಲುತ್ತದೆ. ಒಂದೂವರೆ ಅಡಿಯ ಭೂಮಿಯಲ್ಲಿ ಸುಮಾರು 70 ಮಿ.ಮೀ. ಅಷ್ಟೆ. ತೆನೆ ಹೊಮ್ಮುವ ಕಾಲದಲ್ಲಿ ಜೋಳವು ದಿನಕ್ಕೆ 3ರಿಂದ 4 ಮಿ.ಮೀ. ನೀರು ಬಯಸುತ್ತದೆ. ಅಂದರೆ ಆಳ ಭೂಮಿಯ ದಾಸ್ತಾನು ಎರಡು ತಿಂಗಳು ಬಂದರೆ, ತೆಳು ಭೂಮಿಯದು ಇಪ್ಪತ್ತು ದಿನಕ್ಕೆ ಮುಗಿಯುತ್ತದೆ. ಎರಡು ಹೊಲಗಳಿಗೂ ಒಂದೇ ಮಳೆ ಬಿದ್ದಿರುತ್ತದೆ. ಆದರೆ ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೋದಾಗ ಒಂದರಲ್ಲಿ ಕಾಳು ಹಾಲುಗಟ್ಟಿರುತ್ತದೆ, ಇನ್ನೊಂದರಲ್ಲಿ ಎಲೆ ಸುರುಳಿಯಾಗಿರುತ್ತದೆ.

ಸಲಾಕೆಯಿಂದ ಹಸಿ ಅಳೆಯಿರಿ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಡಾರ್ಲಿಂಗ್ ಡೌನ್ಸ್ ಎಂಬ ಸೀಮೆಯಲ್ಲಿಯೂ ನಮ್ಮಂತೆಯೇ ಬಿರುಕು ಬಿಡುವ ಕಪ್ಪು ಭೂಮಿಯಿದೆ. ಜೋಳ, ಗೋಧಿ, ಕಡಲೆ ಬೆಳೆಯುವ ಅಲ್ಲಿನ ರೈತರು ಬಿತ್ತುವ ಮೊದಲು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಒತ್ತಿ ಹಸಿಯ ಆಳವನ್ನು ತಿಳಿಯುತ್ತಾರೆ. ಈ ಉಪಾಯಕ್ಕೆ ಖರ್ಚಿಲ್ಲ. ನಮ್ಮ ಎರೆ ಭೂಮಿಗೂ ಒಪ್ಪುತ್ತದೆ.

ಬೆರಳಿನ ದಪ್ಪದ, ನಾಲ್ಕೈದು ಅಡಿ ಉದ್ದದ ಸಲಾಕೆಗೆ ಮೇಲೆ ಅಡ್ಡಹಿಡಿ ಬೆಸೆಸಿಕೊಳ್ಳಿ. ದೊಡ್ಡ ಮಳೆ ನಿಂತ ಎರಡು ಮೂರು ದಿನಗಳ ನಂತರ ಹೊಲದ ಐದಾರು ಕಡೆ, ಬಿರುಕುಗಳನ್ನು ಬಿಟ್ಟು, ಮೈಭಾರ ಹಾಕಿ ಒತ್ತಿರಿ. ಹಸಿಯಿರುವವರೆಗೆ ಸಲಾಕೆ ಇಳಿಯುತ್ತದೆ; ಒಣ ಮಣ್ಣು ತಾಗಿದೊಡನೆ ನಿಲ್ಲುತ್ತದೆ. ಕಲ್ಲು ತಾಗಿದರೆ ಖಣ್ ಎಂಬ ಸದ್ದು ಕೇಳುತ್ತದೆ. ಆಗ ಭೂಮಿಯ ಆಳವೇ ಅಷ್ಟು ಎಂದು ತಿಳಿಯಬೇಕು.

ಬಿತ್ತಿಗೆಯ ನಿರ್ಧಾರ

ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದವರೆಗೆ ತಕ್ಕ ಕಾಲ. ಇದಕ್ಕಿಂತ ಮುಂಚೆ ಬಿತ್ತಿದರೆ ಸುಳಿ ನೊಣದ ಕಾಟ ಹೆಚ್ಚು. ತಡವಾದರೆ ಕಾಳು ಕಟ್ಟುವ ಹೊತ್ತಿಗೆ ಹಸಿ ಆರಿ, ಇದ್ದಿಲು ಕೊಳೆ ರೋಗ ತಗಲಿ ದಂಟು ಬುಡದಲ್ಲಿ ಮುರಿದು ಬೀಳುತ್ತದೆ. ಈ ಅವಧಿಯೊಳಗೆ ಸರಿಸುಮಾರು ಹೀಗೆ ನಡೆಯಬಹುದು:

1. ಹಸಿ ಮೂರು ಅಡಿ ಅಥವಾ ಹೆಚ್ಚು ಇಳಿದಿದ್ದರೆ ಧೈರ್ಯವಾಗಿ ಜೋಳ ಬಿತ್ತಬಹುದು. ಮೋಹೋಳದಲ್ಲಿ ಮಾಲದಂಡಿಯಿಂದ ಆರಿಸಿ ತೆಗೆದ ಎಂ 35-1 ತಳಿ ರೊಟ್ಟಿಗೂ ಕಣಿಕೆಗೂ ಇಂದಿಗೂ ಹೆಸರಾಗಿದೆ. ಎಕರೆಗೆ 3 ಕಿ.ಗ್ರಾಂ. ಬೀಜ, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಅಂತರ ಸಾಕು.

2. ಹಸಿ ಎರಡು ಅಡಿಯ ಆಸುಪಾಸಿನಲ್ಲಿದ್ದರೆ ಬಿತ್ತಿಗೆಯನ್ನು ಆದಷ್ಟು ಮುಂಚಿತವಾಗಿ, ಸೆಪ್ಟೆಂಬರ್ ಮೂರನೆಯ ವಾರದಲ್ಲಿಯೇ ಮುಗಿಸಿ. ಸಸಿಗಳನ್ನು ತೆಳುವಾಗಿ ಉಳಿಸಿಕೊಳ್ಳಿ. ಒತ್ತಾಗಿ ನಿಂತ ಪೈರು ತೆನೆ ಬರುವ ಮೊದಲೇ ನೀರನ್ನೆಲ್ಲ ಕುಡಿದು ಮುಗಿಸುತ್ತದೆ.

3. ಹಸಿ ಒಂದೂವರೆ ಅಡಿಗಿಂತ ಕಡಿಮೆಯಿದ್ದರೆ ಇಡೀ ಹೊಲಕ್ಕೆ ಜೋಳ ಹಾಕುವುದು ಜೂಜು. ಮನೆಗೆ ಬೇಕಾದಷ್ಟನ್ನು ತಗ್ಗಿನ ಆಳ ಭೂಮಿಯಲ್ಲಿ ಬಿತ್ತಿ, ಉಳಿದುದಕ್ಕೆ ಮುಂದಿನ ಮಳೆ ನೋಡಿ.

4. ಚಿತ್ತಿ ಮಳೆಯೇ ತಡವಾಗಿ ಹೊಲ ತುಂಬಿಸಿದರೆ ಜೋಳದ ಆಸೆ ಬಿಟ್ಟು ಕಡಲೆಯತ್ತ ತಿರುಗುವುದು ಲೇಸು. ಜೆ.ಜಿ. 11 ಕಡಲೆ ಬೇಗನೆ ಬಲಿತು ಹೊರಬೀಳುತ್ತದೆ.

ನೀರನ್ನು ಕೂಡಿಡುವ ಕೆಲಸ

ಹಸಿಯ ಆಳವನ್ನು ಹೆಚ್ಚಿಸುವುದು ಒಂದಿಷ್ಟು ರೈತನ ಕೈಯಲ್ಲಿಯೂ ಇದೆ. ಹಿಂಗಾರಿಗೆಂದು ಖಾಲಿ ಬಿಟ್ಟ ಹೊಲವನ್ನು ಮಳೆಗಾಲದಲ್ಲಿ ಹರಗಿ ಕಳೆ ತೆಗೆದಿಡಬೇಕು. ಕಳೆ ಕುಡಿದ ನೀರು ಬೆಳೆಗೆ ಬಾರದು. ಜುಲೈ-ಆಗಸ್ಟ್ ತಿಂಗಳಲ್ಲಿ ಇಳಿಜಾರಿಗೆ ತಕ್ಕಂತೆ ಮೂರು ಮೀಟರಿನಿಂದ ನಾಲ್ಕೂವರೆ ಮೀಟರಿನವರೆಗಿನ ಚೌಕು ಮಡಿಗಳನ್ನು ಕಟ್ಟಿದರೆ, ಉತ್ತರಿ ಮಳೆಯ ನೀರು ಹೊಲದಲ್ಲಿಯೇ ನಿಂತು ಇಂಗುತ್ತದೆ.

ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು 8 ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗಳು ಬರ ತಡೆಯುವ ಶಕ್ತಿ ಪಡೆಯುತ್ತವೆ. ಬಿತ್ತಿದ ಮೂರನೆಯ, ಐದನೆಯ ಮತ್ತು ಎಂಟನೆಯ ವಾರ ಎಡೆ ಹೊಡೆದರೆ ಕಳೆ ಸಾಯುತ್ತದೆ, ಬಿರುಕು ಮುಚ್ಚುತ್ತದೆ. ಎರೆ ಭೂಮಿಯಲ್ಲಿ ಬಿರುಕೆಂದರೆ ಒಡೆದ ಕೊಡ. ಅದರ ಮೂಲಕ ಆಳದ ಹಸಿಯೂ ಆರಿಹೋಗುತ್ತದೆ.

ಹವಾಮಾನ ಇಲಾಖೆಯ ಕೃಷಿ ಸಲಹೆಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಬೀಳುತ್ತವೆ. ಅವನ್ನು ಕೇಳಿ ತಿಳಿಯಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆದರೆ ಜಿಲ್ಲೆಯ ಮಳೆಯ ಅಂಕಿ ನಿಮ್ಮ ಹೊಲದ ಹಸಿಯನ್ನು ಹೇಳಲಾರದು. ಸೇಡಂಗೆ ಹೊಯ್ದ ಮಳೆ ವಾಡಿಗೆ ತಪ್ಪಬಹುದು. ವಾಡಿಗೆ ಬಿದ್ದುದು ಫರಸಿಯ ಮೇಲೆ ಹರಿದು ಹೋಗಿರಬಹುದು. ಈ ಹಿಂಗಾರಿಗೆ ಕೂರಿಗೆ ಹೂಡುವ ಮುನ್ನ ಪ್ರತಿಯೊಂದು ಹೊಲದಲ್ಲಿ ಸಲಾಕೆ ಇಳಿಸಿ ನೋಡಿ, ಹಸಿ ಎಷ್ಟು ಅಡಿ ಇದೆಯೆಂದು ಬರೆದಿಡಿ. ಸುಗ್ಗಿಯಲ್ಲಿ ಬಂದ ಇಳುವರಿಯನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಮೂರು ನಾಲ್ಕು ವರ್ಷಗಳಲ್ಲಿ ನಿಮ್ಮ ಭೂಮಿಗೆ ತಕ್ಕ ಲೆಕ್ಕ ನಿಮ್ಮ ಕೈಯಲ್ಲಿಯೇ ಇರುತ್ತದೆ.