ಬಿಟಿಎಂನಲ್ಲಿ ಗಿರಾಕಿಯ ಜೇಬಿನಲ್ಲೇ ಅಂಗಡಿಯ ಬೋರ್ಡು!

ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರ ಕೂಡಿಸಿದರೆ ಬಿಟಿಎಂ. ಹೆಸರೇನೋ ಚಿಕ್ಕದಾಯಿತು, ವಿಳಾಸ ಹುಡುಕುವವರ ಪಾಡು ಚಿಕ್ಕದಾಗಲಿಲ್ಲ. ಹೊರ ವರ್ತುಲ ರಸ್ತೆಯ ಒಂದು ಮಗ್ಗುಲಿಗೆ ಮೊದಲನೇ ಹಂತ, ಇನ್ನೊಂದು ಮಗ್ಗುಲಿಗೆ ಎರಡನೇ ಹಂತ. ಎರಡು ಕಡೆಯೂ ನಂಬರಿನ ಮೇನುಗಳು, ನಂಬರಿನ ಕ್ರಾಸುಗಳು. “ಏಳನೇ ಮೇನು ಎಲ್ಲಿ ಸ್ವಾಮೀ?” ಅಂದರೆ “ಯಾವ ಹಂತದ್ದು?” ಎಂಬ ಮರುಪ್ರಶ್ನೆ ಗ್ಯಾರಂಟಿ.

2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಗಿ ಬಡಾವಣೆಗೊಂದು ಮೆಟ್ರೋ ನಿಲ್ದಾಣವೂ ಬಂತು. ರೈಲಿನಿಂದ ಇಳಿದವರಾಗಲಿ, ಬಸ್ಸಿನಿಂದ ಇಳಿದವರಾಗಲಿ, ಬೀಡಾ ಅಂಗಡಿಯವನನ್ನು ದಾರಿ ಕೇಳುವುದು ಈಗ ಅಪರೂಪ. ಜೇಬಿನಿಂದ ಮೊಬೈಲು ತೆಗೆದು ನಕ್ಷೆ ನೋಡುತ್ತಾರೆ. ನಕ್ಷೆ ತೋರಿಸಿದ ಅಂಗಡಿಗೆ ವ್ಯಾಪಾರ, ತೋರಿಸದ ಅಂಗಡಿಗೆ ನೊಣ ಹೊಡೆಯುವ ಕೆಲಸ.

ಮೊಬೈಲಿಗೂ ಅಂಗಡಿಗೂ ಗಂಟು ಬಿದ್ದದ್ದು ಒಂದು ಆಟದಿಂದ. 2009ರಲ್ಲಿ ಅಮೆರಿಕದ ಡೆನ್ನಿಸ್ ಕ್ರೌಲಿ ಮತ್ತು ನವೀನ್ ಸೆಲ್ವದುರೈ ‘ಫೋರ್‌ಸ್ಕ್ವೇರ್’ ಎಂಬ ಆ್ಯಪ್ ತಂದರು. ಹೋಟೆಲಿಗೆ ಹೋದವನು ಗುಂಡಿ ಒತ್ತಿ “ನಾನಿಲ್ಲಿದ್ದೇನೆ” ಎಂದು ಸಾರಬೇಕು. ಇದೇ ಚೆಕ್-ಇನ್. ಅರವತ್ತು ದಿನಗಳಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಬಂದವನೇ ಆ ಹೋಟೆಲಿನ ‘ಮೇಯರ್’! ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಮೇಯರ್ ಕುರ್ಚಿ ಖಾಲಿಯಾಯಿತು. ಆದರೆ ಫೋರ್‌ಸ್ಕ್ವೇರ್‌ನಲ್ಲಿ ಕಾಫಿ ಕುಡಿದೇ ಮೇಯರ್ ಆಗಬಹುದಿತ್ತು.

ಅಂಗಡಿಗೆ ಲಾಭವೇನು? ಒಬ್ಬ ಬಂದದ್ದು ಅವನ ಸ್ನೇಹಿತರಿಗೆಲ್ಲ ತಿಳಿಯುತ್ತಿತ್ತು, ಕಾಸಿಲ್ಲದ ಜಾಹೀರಾತು. 2010ರಲ್ಲಿ ಸ್ಟಾರ್‌ಬಕ್ಸ್ ಕಂಪನಿ ತನ್ನ ಅಮೆರಿಕದ ಅಂಗಡಿಗಳ ‘ಮೇಯರ್’ಗಳಿಗೆ ಒಂದು ಡಾಲರ್ ರಿಯಾಯಿತಿ ಕೊಟ್ಟಿತು. ಅದೇ ವರ್ಷ ಫೇಸ್‌ಬುಕ್ಕೂ ಚೆಕ್-ಇನ್ ಶುರುಮಾಡಿತು.

ಕುತ್ತೂ ಇತ್ತೆನ್ನಿ. “ಹೋಟೆಲಲ್ಲಿದ್ದೇನೆ” ಎಂದರೆ “ಮನೆಯಲ್ಲಿಲ್ಲ” ಎಂದೂ ಅರ್ಥವಾಯಿತಲ್ಲ! 2010ರಲ್ಲೇ ‘ಪ್ಲೀಸ್ ರಾಬ್ ಮಿ’ ಎಂಬ ತಾಣ ಇದನ್ನು ಎತ್ತಿ ತೋರಿಸಿತು. ಸಂಸಾರ ಸಮೇತ ಊರಿಗೆ ಹೊರಟವರು ಇಂದಿಗೂ ನೆನಪಿಡಬೇಕಾದ ಮಾತಿದು.

ಹೋದಲ್ಲೆಲ್ಲ ಗುಂಡಿ ಒತ್ತಲು ಜನಕ್ಕೆ ಬೇಸರ ಬಂತು. 2014ರಲ್ಲಿ ಆ ಆಟವನ್ನು ‘ಸ್ವಾರ್ಮ್’ ಎಂಬ ಬೇರೆ ಆ್ಯಪ್‌ಗೆ ಸಾಗಿಸಲಾಯಿತು. ಫೋರ್‌ಸ್ಕ್ವೇರ್‌ನ ಊರು ತೋರಿಸುವ ಆ್ಯಪ್ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಆಟ ಸೊರಗಿತು, ಅದು ಕಲಿಸಿದ ಪಾಠ ಉಳಿಯಿತು. ಈಗ ಗಿರಾಕಿ ತಾನು ಬಂದೆನೆಂದು ಸಾರಬೇಕಿಲ್ಲ. “ಹತ್ತಿರದ ಟೈಲರ್” ಎಂದು ಹುಡುಕಿದರೆ ಸಾಕು. ಗೂಗಲ್ ನಕ್ಷೆ ನೋಡುವುದು ಮುಖ್ಯವಾಗಿ ಮೂರು ಸಂಗತಿ: ಕೇಳಿದ್ದು ಅಲ್ಲಿ ಸಿಗುತ್ತದೆಯೇ, ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಜಾಹೀರಾತಿನ ಜಾಗ ಬೇರೆ, ಈ ಸಾಲಿನಲ್ಲಿ ದುಡ್ಡು ಕೊಟ್ಟು ಮುಂದೆ ನುಗ್ಗಲಾಗದು.

ಸಣ್ಣ ಅಂಗಡಿಗೆ ಸಿಕ್ಕ ನ್ಯಾಯವಿದು. ಮೇನ್ ರೋಡಿನಲ್ಲಿ ಲಕ್ಷಗಟ್ಟಲೆ ಅಡ್ವಾನ್ಸ್ ಕೊಡಲಾಗದೆ ಒಳ ಕ್ರಾಸಿನಲ್ಲಿ ಮಿಷನ್ನು ಹಾಕಿಕೊಂಡ ಟೈಲರನೂ ಅಲ್ಲಿ ಕಾಣಬಲ್ಲ. ಆದರೆ ಗುರುತಿನ ಚುಕ್ಕಿ ಎರಡನೇ ಹಂತದ ಬದಲು ಮೊದಲನೇ ಹಂತದಲ್ಲಿ ಬಿದ್ದಿದ್ದರೆ? ಸೀರೆ ಫಾಲ್ಸ್ ಹಿಡಿದು ಬಂದಾಕೆ ರಸ್ತೆಯ ಆ ಮಗ್ಗುಲಿನಲ್ಲಿ ಸುತ್ತಿ ಸುತ್ತಿ ಬೈದುಕೊಂಡು ಹೋಗುತ್ತಾಳೆ. ಅಂಗಡಿಯವನಿಗೆ ಗಿರಾಕಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಹಾಗಾಗಿ ಅಂಗಡಿಕಾರರು ಇಂದೇ ಮೊಬೈಲಿನಲ್ಲಿ ತಮ್ಮ ಅಂಗಡಿಯನ್ನು ತಾವೇ ಹುಡುಕಿ ನೋಡುವುದು ಒಳಿತು. ಚುಕ್ಕಿ ಸರಿಯಿದೆಯೇ? ಫೋನ್ ನಂಬರು ಹಳೆಯದೇ? ಭಾನುವಾರ ಬೀಗ ಹಾಕುವವರು “ತೆರೆದಿದೆ” ಎಂದು ತೋರಿಸಿಕೊಂಡಿದ್ದಾರೆಯೇ? ಹೆಸರು ಸೇರಿಸಲು, ತಿದ್ದಲು ಗೂಗಲ್ ಬಿಡಿಗಾಸೂ ಕೇಳುವುದಿಲ್ಲ. “ಗೂಗಲ್ಲಿಂದ ಫೋನ್ ಮಾಡ್ತಿದೀವಿ, ಲಿಸ್ಟಿಂಗ್ ಫೀಸು ಕಟ್ಟಿ” ಎನ್ನುವವರ ಮಾತಿಗೆ ಮರುಳಾಗಬೇಡಿ. “ಐದು ಸ್ಟಾರ್ ಕೊಟ್ಟರೆ ಒಂದು ಕಾಫಿ ಫ್ರೀ” ಎಂಬ ಆಮಿಷವೂ ಬೇಡ, ಅದಕ್ಕೆ ಗೂಗಲ್ಲಿನ ನಿಯಮವೇ ಅಡ್ಡ.

ನಕ್ಷೆ ಗಿರಾಕಿಯನ್ನು ಬಾಗಿಲವರೆಗೆ ತಂದು ಬಿಡುತ್ತದೆ, ಅಷ್ಟೆ. ಒಳಗೆ ಕರೆದು ಕೂರಿಸಿ, ಹೇಳಿದ ದಿನಕ್ಕೆ ಬಟ್ಟೆ ಕೊಡಬೇಕಾದವರು ಅಂಗಡಿಯವರೇ!