ಮಗುವಿನ ಹಠದ ಹಿಂದೆ ಏನಿದೆ?

ಮೂರು ವರ್ಷವಾದರೂ ಮಾತು ಬಾರದ ಮಗು. ತರಗತಿಯಲ್ಲಿ ಐದು ನಿಮಿಷ ಕೂರಲಾಗದ ಹುಡುಗ. ಸಣ್ಣ ಮಾತಿಗೂ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಕಂದ. ಹತ್ತನೇ ತರಗತಿಗೆ ಬಂದ ಮೇಲೆ ಊಟ, ನಿದ್ದೆ ಬಿಟ್ಟು ಮೂಲೆ ಹಿಡಿದ ಮಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮ್ಮ ಮೊಹಲ್ಲಾಗಳಲ್ಲಿ ಇಂಥ ಮಕ್ಕಳಿದ್ದಾರೆ. ಆದರೆ ಅವರು ವೈದ್ಯರ ಬಳಿಗೆ ಬರುವುದು ತಡವಾಗಿ. "ಹಠಮಾರಿ" ಎಂದು ಎರಡೇಟು, "ನಜರ್ ತಾಗಿದೆ" ಎಂದು ಒಂದು ತಾವೀಜು, "ದೊಡ್ಡವನಾದರೆ ಸರಿಹೋಗುತ್ತಾನೆ" ಎಂದು ಎರಡು ವರ್ಷ ಕಳೆಯುತ್ತವೆ. ಆ ಎರಡು ವರ್ಷ ಮತ್ತೆ ಸಿಗುವುದಿಲ್ಲ. ಮಿದುಳು ವೇಗವಾಗಿ ಬೆಳೆಯುವುದು ಮೊದಲ ಐದು ವರ್ಷಗಳಲ್ಲಿ. ತರಬೇತಿ ಎಷ್ಟು ಬೇಗ ಶುರುವಾದರೆ ಅಷ್ಟು ಲಾಭ.

ಗುರುತಿಸುವುದು ಹೇಗೆ?

ಒಂದು ವರ್ಷದ ಮಗು ಹೆಸರು ಕರೆದರೆ ತಿರುಗಿ ನೋಡಬೇಕು. ಒಂದೂವರೆ ವರ್ಷಕ್ಕೆ ಬೇಕಾದ್ದನ್ನು ಬೆರಳು ತೋರಿಸಿ ಕೇಳಬೇಕು. ಎರಡು ವರ್ಷಕ್ಕೆ "ಪಾನಿ ದೇ" ಎಂಬಂತೆ ಎರಡು ಪದ ಜೋಡಿಸಬೇಕು. ಕಲಿತ ಮಾತು ಮರೆತುಹೋದರೆ, ಕಣ್ಣಿಗೆ ಕಣ್ಣಿಟ್ಟು ನೋಡದಿದ್ದರೆ, ಆಟಿಕೆಯ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುತ್ತಿದ್ದರೆ ಕಾಯಬೇಡಿ. ಇವು ಆಟಿಸಂನ ಸೂಚನೆಗಳಾಗಿರಬಹುದು. ಕಿವಿ ಕೇಳದಿರುವುದೂ ಕಾರಣವಾಗಿರಬಹುದು. ಆದ್ದರಿಂದ ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಶ್ರವಣ ಪರೀಕ್ಷೆ ಆಗಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲಿ ಮನೆಯಲ್ಲೂ ಶಾಲೆಯಲ್ಲೂ ಆರು ತಿಂಗಳಿಗಿಂತ ಹೆಚ್ಚು ಕಾಲ ಒಂದೇ ತೆರನಾದ ಚಡಪಡಿಕೆ, ಮರೆವು, ಗಮನವಿಲ್ಲದಿರುವುದು ಕಂಡರೆ ಅದನ್ನು ತುಂಟತನ ಎಂದು ತಳ್ಳಿಹಾಕಬೇಡಿ. ಬುದ್ಧಿ ಚುರುಕಾಗಿದ್ದೂ ಓದು, ಬರಹ ಮಾತ್ರ ಹತ್ತದ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಅಂಥ ಮಗುವನ್ನು "ದಡ್ಡ" ಎಂದು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸುವುದು ಅದಕ್ಕೆ ಮಾಡುವ ಅನ್ಯಾಯ.

"ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅದಕ್ಕೇ ಮಾತು ಬರುತ್ತಿಲ್ಲ" ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ. ನಿಮಗೆ ಸಲೀಸಾದ ಭಾಷೆಯಲ್ಲೇ ಮಗುವಿನೊಡನೆ ದಿನವಿಡೀ ಮಾತಾಡಿ. ಮೊಬೈಲ್ ಮಾತ್ರ ದೂರವಿಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ.

ದುವಾ ಮತ್ತು ದವಾ

ದುವಾ ಮಾಡಿ, ಓದಿ ಊದಿಸಿ. ಅದು ತಾಯಿಯ ಎದೆಗೆ ಧೈರ್ಯ ಕೊಡುತ್ತದೆ. ಆದರೆ ಚಿಕಿತ್ಸೆ ಪಡೆಯುವುದೂ ನಮ್ಮ ದೀನ್ ಒಪ್ಪಿದ ದಾರಿಯೇ. ಕೈರೋದಲ್ಲಿ 13ನೇ ಶತಮಾನದಲ್ಲಿ ಕಟ್ಟಿದ ಕಲಾವೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆಂದೇ ಜಾಗವಿತ್ತು. ಮನಸ್ಸಿನ ಕಾಯಿಲೆಗೂ ಆರೈಕೆ ಬೇಕೆಂದು ನಮ್ಮ ಹಿರಿಯರು ಅಂದೇ ಅರಿತಿದ್ದರು. "ಜಿನ್ ಹಿಡಿದಿದೆ" ಎಂದು ಮಗುವನ್ನು ಕಟ್ಟಿಹಾಕುವ, ಹೊಡೆಯುವ, ಮೆಣಸಿನ ಹೊಗೆ ಹಾಕುವ, ಸಾವಿರಾರು ರೂಪಾಯಿ ಕೇಳುವ ಬಾಬಾಗಳ ಬಳಿಗೆ ಹೋಗಬೇಡಿ. ಅಲ್ಲಿ ನಿಮ್ಮ ಹಣ ಹೋಗುತ್ತದೆ, ಮಗುವಿಗೆ ನಿಮ್ಮ ಮೇಲಿದ್ದ ನಂಬಿಕೆಯೂ ಹೋಗುತ್ತದೆ.

ಯುನಾನಿ ಏನು ಮಾಡಬಲ್ಲದು?

ಯುನಾನಿ ವೈದ್ಯನಾಗಿ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಆಟಿಸಂ ಅಥವಾ ಬುದ್ಧಿಮಾಂದ್ಯವನ್ನು ವಾಸಿಮಾಡುವ ಖಮೀರಾ, ಮಾಜೂನ್ ಯಾವುದೂ ಇಲ್ಲ. ಹಾಗೆಂದು ಮಾರುವವರನ್ನು ನಂಬಬೇಡಿ. ಲೇಬಲ್ ಇಲ್ಲದ ಪುಡಿ, ಕುಷ್ತಾಗಳನ್ನು ಮಕ್ಕಳಿಗೆ ಕೊಡಲೇಬೇಡಿ. ಅವುಗಳಲ್ಲಿ ಸೀಸ, ಪಾದರಸ ಇರಬಹುದು. ಸೀಸವು ಮಗುವಿನ ಮಿದುಳಿಗೇ ಹಾನಿ ಮಾಡುತ್ತದೆ. ಫಿಟ್ಸ್‌ಗೆ ಕೊಡುತ್ತಿರುವ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಟ್ಟನೆ ನಿಲ್ಲಿಸಬೇಡಿ.

ಯುನಾನಿಯ ಬಲ ಇರುವುದು ದಿನಚರಿಯಲ್ಲಿ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು: ಈ ಆರನ್ನು 'ಅಸ್ಬಾಬೆ ಸಿತ್ತಾ ಜರೂರಿಯಾ' ಎನ್ನುತ್ತೇವೆ. ಮಗುವನ್ನು ಸಿಟ್ಟು, ಭಯ, ದುಃಖ, ನಿದ್ದೆಗೇಡಿನಿಂದ ಕಾಪಾಡಬೇಕೆಂದು ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ಬರೆದರು. ರಕ್ತಹೀನತೆ, ಮಲಬದ್ಧತೆ, ಜಂತುಹುಳು, ನಿದ್ದೆ ಕಡಿಮೆಯಾಗುವುದು ಇವೂ ಮಗುವಿನ ಕಿರಿಕಿರಿಯನ್ನು ಹೆಚ್ಚಿಸುತ್ತವೆ. ಇವನ್ನು ಪರೀಕ್ಷಿಸಿ ಸರಿಪಡಿಸಿದರೆ ತರಬೇತಿಗೂ ಮಗು ಚೆನ್ನಾಗಿ ಸ್ಪಂದಿಸುತ್ತದೆ. ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯಿಡೀ ಬ್ಯಾರನ್ ಕಾಯುವ ಮನೆಗಳಲ್ಲೂ, ರಂಜಾನ್ ರಾತ್ರಿಗಳಲ್ಲೂ ಮಗುವಿನ ನಿದ್ದೆಯ ಹೊತ್ತನ್ನು ಆದಷ್ಟು ಕೆಡಿಸಬೇಡಿ.

ಮನೆಯಲ್ಲಿ ಮಾಡಬೇಕಾದ್ದು

ಏಳುವುದು, ಊಟ, ಆಟ, ಮಲಗುವುದು ಪ್ರತಿದಿನ ಒಂದೇ ಹೊತ್ತಿಗೆ ಆಗಲಿ. ಮಗುವಿನ ಎದುರು ಕುಳಿತು, ಮುಖ ನೋಡಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಒಳ್ಳೆಯದು ಮಾಡಿದ ಕೂಡಲೇ "ಶಾಬಾಶ್, ಚಪ್ಪಲಿ ಜೋಡಿಸಿದೆ" ಎಂದು ಏನು ಮಾಡಿತೆಂಬುದನ್ನು ಹೆಸರಿಸಿ ಹೊಗಳಿ. ರಂಪ ಶುರುವಾದಾಗ ಪೆಟ್ಟಾಗುವ ವಸ್ತುಗಳನ್ನು ಸರಿಸಿ, ದನಿ ತಗ್ಗಿಸಿ, ಹತ್ತಿರದಲ್ಲೇ ಕುಳಿತಿರಿ. ರಂಪಕ್ಕೆ ಹೆದರಿ ಮೊಬೈಲ್ ಕೊಟ್ಟರೆ ನಾಳೆ ರಂಪ ಇನ್ನೂ ದೊಡ್ಡದಾಗುತ್ತದೆ. ಅಮ್ಮಿ ಬೇಡ ಎಂದದ್ದನ್ನು ದಾದಿ ಕೊಡಬಾರದು. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಹೊಡೆತದಿಂದ ಮಗು ಹೆದರಲು ಕಲಿಯುತ್ತದೆ, ಬೇರೆಯವರಿಗೆ ಹೊಡೆಯಲು ಕಲಿಯುತ್ತದೆ. ನೀವು ಕಲಿಸಬೇಕೆಂದಿದ್ದನ್ನು ಮಾತ್ರ ಕಲಿಯುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ರಂಪಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು ಎಂದು ಎರಡು ವಾರ ಬರೆಯಿರಿ. ಹಸಿವು, ಗದ್ದಲ, ಶಾದಿ ಮಹಲ್‌ನ ಧ್ವನಿವರ್ಧಕ, ತಟ್ಟನೆ ಬದಲಾದ ಕೆಲಸ ಹೀಗೆ ಕಾರಣ ತಾನಾಗಿ ಕಾಣುತ್ತದೆ. ಆ ಪುಸ್ತಕ ವೈದ್ಯರಿಗೂ ಬಹಳ ಉಪಯೋಗ.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರಕಾರಿ ಶಾಲೆಗಳಲ್ಲಿ ಒಂದು ಬಾರಿ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತದೆ. ಅಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ.

ಮಾತು, ಶ್ರವಣ, ಆಟಿಸಂ, ಕಲಿಕೆಯ ತೊಂದರೆಗೆ ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸ ಗಂಗೋತ್ರಿಯಲ್ಲಿದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್ ಅಷ್ಟೇ. ಮನೋವೈದ್ಯರಿಗಾಗಿ ಕೆ.ಆರ್. ಆಸ್ಪತ್ರೆ ಇದೆ, ಇನ್ನೂ ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಪ್ರಯಾಣ ಸಾಧ್ಯವಾಗದಿದ್ದರೆ 14416ಕ್ಕೆ ಕರೆಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ 'ಟೆಲಿ ಮಾನಸ್' ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗ ಅಥವಾ ಮಗಳು "ಸತ್ತರೆ ಸಾಕು" ಎಂದರೆ ಅದನ್ನು ನಾಟಕವೆನ್ನಬೇಡಿ. ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಇದ್ದಕ್ಕಿದ್ದಂತೆ ಯಾರನ್ನಾದರೂ ಕಂಡು ಹೆದರತೊಡಗಿದರೆ ದೌರ್ಜನ್ಯದ ಶಂಕೆ ಇರಲಿ. ಮಕ್ಕಳ ಸಹಾಯವಾಣಿ 1098.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲವೂ ಸೇರಿವೆ. ಯುಡಿಐಡಿ ಕಾರ್ಡ್ ಮಾಡಿಸಿ. "ಮಗಳ ಮದುವೆಗೆ ಅಡ್ಡಿಯಾದೀತು" ಎಂದು ಹಿಂಜರಿಯಬೇಡಿ. ಕಾಗದವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಆಟಿಸಂ, ಬುದ್ಧಿಮಾಂದ್ಯ ಇರುವವರಿಗೆ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ.

ತಾಯಿಯನ್ನು ದೂರಬೇಡಿ

"ಬಸುರಿಯಲ್ಲಿ ಗ್ರಹಣ ನೋಡಿದಳು", "ಅವಳ ತವರಿನ ಕಡೆಯದ್ದು" ಎಂಬ ಮಾತು ಇನ್ನು ಸಾಕು. ತಾಯಿಯ ತಪ್ಪಿನಿಂದ ಆಟಿಸಂ ಬರುವುದಿಲ್ಲ. ರಾತ್ರಿ ನಿದ್ದೆಗೆಟ್ಟ ತಾಯಿಗೆ ದಿನಕ್ಕೆ ಒಂದು ಗಂಟೆಯಾದರೂ ಬಿಡುವು ಬೇಕು. ಆ ಗಂಟೆ ಮಗುವನ್ನು ನೋಡಿಕೊಳ್ಳಬೇಕಾದವರು ಅಬ್ಬಾ. ಆಸ್ಪತ್ರೆಗೂ ಇಬ್ಬರೂ ಹೋಗಿ. ಉಳಿದ ಮಕ್ಕಳಿಗೆ "ಅಣ್ಣನಿಗೆ ಹೀಗೇಕೆ" ಎಂದು ಅರ್ಥವಾಗುವಂತೆ ತಿಳಿಸಿ.

ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ, ಅವನು ಇಳಿಯುವ ತನಕ ಪ್ರವಾದಿಯವರು(ಸ) ಸಜ್ದಾವನ್ನು ದೀರ್ಘಗೊಳಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಹಾಗಿರುವಾಗ ಮಸೀದಿಯಲ್ಲಿ ಓಡಾಡುವ, ಕೂಗುವ ಮಗುವನ್ನು ಗದರಿ ಹೊರಗಟ್ಟುವುದು ನಮಗೆ ಒಪ್ಪುವುದಿಲ್ಲ. ಮದ್ರಸದ ಉಸ್ತಾದರು ಅಂಥ ಮಗುವನ್ನು ಮುಂದಿನ ಸಾಲಲ್ಲಿ ಕೂರಿಸಿ ಸಣ್ಣ ಸಣ್ಣ ಸಬಕ್ ಕೊಡಲಿ. ಜಮಾಅತ್ ಕಮಿಟಿಗಳು ತಿಂಗಳಿಗೊಮ್ಮೆ ಇಂಥ ಪೋಷಕರನ್ನು ಒಂದು ಕೋಣೆಯಲ್ಲಿ ಕೂರಿಸಲಿ, ಕೂಲಿ ಬಿಟ್ಟು ಮೈಸೂರಿಗೆ ಹೋಗುವ ಬಡ ತಾಯಿಗೆ ಬಸ್ ಚಾರ್ಜು ಕೊಡಲಿ. ತರಬೇತಿ ಅರ್ಧಕ್ಕೇ ನಿಲ್ಲಲು ಎಷ್ಟೋ ಸಲ ಕಾರಣ ಆ ಬಸ್ ಚಾರ್ಜೇ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗುವಿದ್ದರೆ ಮುಂದಿನ ಈದ್‌ವರೆಗೆ ಕಾಯಬೇಡಿ. ಈ ವಾರವೇ ಅಂಗನವಾಡಿಗೆ ಹೋಗಿ ಕೇಳಿ.